ಫೋನ್ ಉಳಿಯಿತು, ಸಿಮ್ ಬದಲಾಯಿತು: ಡೊಂಬಿವಲಿಯಿಂದ ಒಂದು ವಿಮರ್ಶೆ

2021ರಲ್ಲಿ ಕೊಂಡ ನನ್ನ 4ಜಿ ಫೋನನ್ನು ಬದಲಿಸಲೇಬೇಕೆಂದು ಕಳೆದ ದೀಪಾವಳಿಯ ಹೊತ್ತಿಗೆ ಮನೆಯವರೆಲ್ಲ ತೀರ್ಮಾನಿಸಿಬಿಟ್ಟಿದ್ದರು. ಡೊಂಬಿವಲಿಯ ನಮ್ಮ ನೆಲಮಹಡಿಯ ಮನೆಯಲ್ಲಿ ಕರೆ ಅರ್ಧಕ್ಕೇ ಕಡಿದುಹೋಗುತ್ತಿತ್ತು. ಸಂಜೆ ಮುಂಬಯಿಯ ಫೋರ್ಟ್‌ನ ಕಚೇರಿ ಬಿಡುವಷ್ಟರಲ್ಲಿ ಚಾರ್ಜ್ ಇಪ್ಪತ್ತಕ್ಕೆ ಇಳಿದಿರುತ್ತಿತ್ತು. ಕಾರ್ಕಳದಲ್ಲಿರುವ ಅಮ್ಮ ಪ್ರತಿ ಭಾನುವಾರ “ಎಲ್ಲಿಗೆ ಹೋದೆ ಮಗಾ, ಸ್ವರವೇ ಇಲ್ಲ” ಎಂದು ಎರಡು ಮೂರು ಸಲ ಫೋನ್ ಇಟ್ಟು ಮತ್ತೆ ಮಾಡುತ್ತಿದ್ದರು. ಇಪ್ಪತ್ತೈದು ಸಾವಿರ ರೂಪಾಯಿಯ 5ಜಿ ಫೋನೊಂದನ್ನು ಆರಿಸಿಯೂ ಆಗಿತ್ತು. ಕೊನೆಗೆ ನಾನು ಕೊಂಡದ್ದು ಒಂದು ಬ್ಯಾಟರಿ ಮತ್ತು ಬೇರೊಂದು ಕಂಪನಿಯ ಸಿಮ್, ಅಷ್ಟೇ. ಕಂಪನಿಗಳ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ನಮ್ಮ ಅಡುಗೆಮನೆಯಲ್ಲಿ ಸೋತ ಕಂಪನಿ ಎದುರು ಕಟ್ಟಡದ ಮೂರನೆಯ ಮಹಡಿಯಲ್ಲಿ ಚೆನ್ನಾಗಿಯೇ ನಡೆಯುತ್ತಿದೆ.

ಫೋನಿನ ಮೇಲ್ತುದಿಯ ಕಡ್ಡಿಗಳನ್ನು ನಂಬುವಂತಿಲ್ಲ. ಮೂರು ಕಡ್ಡಿ ಎಂದರೆ ಎಷ್ಟು ಎಂಬುದು ಒಂದೊಂದು ಫೋನಿನಲ್ಲಿ ಒಂದೊಂದು ರೀತಿ. ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ಒಳಗಿನ ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್‌ನ ಬಲ ಡಿಬಿಎಂ ಎಂಬ ಅಳತೆಯಲ್ಲಿ, ಋಣ ಸಂಖ್ಯೆಯಾಗಿ ಕಾಣುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. -110ಕ್ಕಿಂತ ಕೆಳಗೆ ಇಳಿದರೆ ಮಾತು ತಡವರಿಸಲು ತೊಡಗುತ್ತದೆ. ನಮ್ಮ ಹಾಲ್‌ನಲ್ಲಿ -98 ಇದ್ದದ್ದು ಅಡುಗೆಮನೆಯ ಕಟ್ಟೆಯ ಬಳಿ -117 ಆಗುತ್ತಿತ್ತು. ಅಮ್ಮನ ಕರೆ ಬರುವ ಹೊತ್ತಿಗೆ ನಾನು ನಿಂತಿರುತ್ತಿದ್ದುದು ಅಲ್ಲಿಯೇ. ಬೇರೆ ಕಂಪನಿಯ ಸಿಮ್ಮೊಂದನ್ನು ತಂದು ಎರಡನೆಯ ಸ್ಲಾಟ್‌ನಲ್ಲಿ ಹಾಕಿ ನೋಡಿದಾಗ ಅದೇ ಕಟ್ಟೆಯ ಬಳಿ -101 ಬಂತು. ಫೋನ್ ಅದೇ, ಗೋಡೆ ಅದೇ, ಕಂಪನಿ ಮಾತ್ರ ಬೇರೆ. ಕಂಪನಿಗಳು ಬಳಸುವ ತರಂಗಗಳಲ್ಲಿ 700ರಿಂದ 900 ಮೆಗಾಹರ್ಟ್ಸ್‌ವರೆಗಿನವು ಗೋಡೆಯನ್ನು ಹಾದು ಒಳಬರುವಷ್ಟು ಸುಲಭವಾಗಿ 1800 ಅಥವಾ 2300ರವು ಬರುವುದಿಲ್ಲ. ಟವರ್ ಯಾವ ದಿಕ್ಕಿನಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ನಮ್ಮಲ್ಲಿ 5ಜಿ ಬಹುಮಟ್ಟಿಗೆ 3300 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ ನಡೆಯುತ್ತದೆ (ಜಿಯೋ 700ನ್ನೂ ಬಳಸುತ್ತದೆ), ಹೀಗಾಗಿ ಹಳೆಯ ಕಂಪನಿಯಲ್ಲೇ ಉಳಿದು ಹೊಸ ಫೋನ್ ಕೊಂಡಿದ್ದರೆ ಅದೂ ಅಡುಗೆಮನೆಯಲ್ಲಿ 4ಜಿಗೆ ಇಳಿದು ಅದೇ ಪಾಡು ಪಡುತ್ತಿತ್ತೆಂಬುದು ನನ್ನ ಅಂದಾಜು. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇರುವವರು ಇದಕ್ಕೆಲ್ಲ ಕೈಹಾಕುವ ಮೊದಲು ವೈಫೈ ಕಾಲಿಂಗ್ (ಟವರಿನ ಬದಲು ವೈಫೈ ಮೂಲಕ ಕರೆ) ಆನ್ ಮಾಡಿ ನೋಡಬೇಕು. ನಮ್ಮಲ್ಲಿ ಬ್ರಾಡ್‌ಬ್ಯಾಂಡ್ ಇರಲಿಲ್ಲ.

ಆ ಎರಡನೆಯ ಸಿಮ್ಮನ್ನು ಒಂದು ತಿಂಗಳು ಎಲ್ಲೆಡೆ ಕೊಂಡೊಯ್ದೆ. ಲೋಕಲ್ ರೈಲಿನಲ್ಲಿ ದಿವಾ ಮತ್ತು ಮುಂಬ್ರಾದ ನಡುವೆ ಎರಡೂ ಕಂಪನಿಗಳು ಸಮಾನವಾಗಿ ಕೈಕೊಟ್ಟವು. ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಹೋದಾಗ ರತ್ನಾಗಿರಿ ಬಳಿಯ ಆರೂವರೆ ಕಿಲೋಮೀಟರಿನ ಕರ್ಬುಡೆ ಸುರಂಗದೊಳಗೆ ಯಾರಿಂದಲೂ ಏನನ್ನೂ ನಿರೀಕ್ಷಿಸಲಿಲ್ಲ, ಆದರೆ ನಮ್ಮ ಮನೆಯ ಜಗಲಿಯಲ್ಲಿ ಹೊಸ ಸಿಮ್ ನಿಂತಿತು, ಹಳೆಯದಕ್ಕೆ ಗೇಟಿನವರೆಗೆ ನಡೆಯಬೇಕಾಯಿತು. ಮುಂಬಯಿಯಲ್ಲಿರುವ ನಮ್ಮವರಿಗೆ ಊರಿನ ಜಗಲಿಯ ಪರೀಕ್ಷೆ ಯಾವ ಜಾಹೀರಾತಿಗಿಂತಲೂ ದೊಡ್ಡದು.

ಪೋರ್ಟ್ ಮಾಡುವ, ಅಂದರೆ ಸಂಖ್ಯೆಯನ್ನು ಉಳಿಸಿಕೊಂಡು ಕಂಪನಿ ಬದಲಿಸುವ ಕೆಲಸ ನಾನು ಹೆದರಿದಷ್ಟು ಕಷ್ಟದ್ದಾಗಿರಲಿಲ್ಲ. ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ಮೊಬೈಲ್ ಸಂಖ್ಯೆಯನ್ನು ಸೇರಿಸಿ 1900ಕ್ಕೆ ಕಳುಹಿಸಿದರೆ ಹೊಸ ಕಂಪನಿಗೆ ಕೊಡಬೇಕಾದ, ಯುಪಿಸಿ ಎಂಬ ಎಂಟು ಅಕ್ಷರಗಳ ಸಂಕೇತ ಬರುತ್ತದೆ. ಅದು ನಾಲ್ಕು ದಿನ ಮಾತ್ರ ಚಾಲ್ತಿಯಲ್ಲಿರುತ್ತದೆ. ಒಂದೇ ಸರ್ಕಲ್‌ನೊಳಗಾದರೆ (ಸರ್ಕಲ್ ಎಂದರೆ ದೂರಸಂಪರ್ಕ ಸೇವೆಯ ವಲಯ) ಮೂರು ಕೆಲಸದ ದಿನ, ಬೇರೆ ಸರ್ಕಲ್‌ಗಾದರೆ ಐದು. ಮುಂಬಯಿ ಒಂದು ಸರ್ಕಲ್, ಪುಣೆ ಮತ್ತು ಗೋವಾ ಮಹಾರಾಷ್ಟ್ರ ಸರ್ಕಲ್‌ಗೆ ಸೇರಿದವು, ಆದ್ದರಿಂದ ಇಲ್ಲಿಂದ ಪುಣೆಗೆ ಹೋಗಿ ನೆಲೆಸಿದವರಿಗೆ ಈ ಐದು ದಿನಗಳ ಲೆಕ್ಕ ಅನ್ವಯಿಸುತ್ತದೆ. ನನ್ನ ಸಂಖ್ಯೆ ಮೂರನೆಯ ದಿನದ ನಸುಕಿನಲ್ಲಿ ಬದಲಾಯಿತು. ಈ ಮಧ್ಯೆ ಹಳೆಯ ಕಂಪನಿಯವರು ದಿನಕ್ಕೆ ನಾಲ್ಕು ಸಲ ಕರೆ ಮಾಡಿ ಹಿಂದೆಂದೂ ಹೇಳದ ರಿಯಾಯಿತಿಗಳನ್ನು ಹೇಳಿದರು. ಐದು ವರ್ಷಗಳ ಗ್ರಾಹಕನಿಗೆ ಅವು ಬಿಟ್ಟುಹೋಗುವಾಗಲೇ ಸಿಗಬೇಕಾಯಿತೆಂಬ ಬೇಸರ ನನಗಿದೆ. ಉಳಿದ ಬ್ಯಾಲೆನ್ಸ್ ಹೊಸ ಕಡೆಗೆ ಬರುವುದಿಲ್ಲ, ಮತ್ತೆ ಬದಲಿಸಬೇಕೆಂದರೆ 90 ದಿನ ಕಾಯಬೇಕು. ಈಗ ಅಮ್ಮನಿಗೆ ನನ್ನ ಸ್ವರದ ಜೊತೆಗೆ ಕುಕ್ಕರಿನ ಸೀಟಿಯೂ ಕೇಳುತ್ತದೆ.

ದರದಲ್ಲಿ ಹೇಳಿಕೊಳ್ಳುವಂಥ ಉಳಿತಾಯವಾಗಲಿಲ್ಲ. 28 ದಿನಗಳ ಪ್ಲಾನ್ ಎಂದರೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ರೀಚಾರ್ಜ್ ಎಂಬುದನ್ನು ನಾನು ಇಷ್ಟು ವರ್ಷ ಲೆಕ್ಕ ಹಾಕಿಯೇ ಇರಲಿಲ್ಲ. 30 ದಿನಗಳ ಒಂದು ಪ್ಲಾನನ್ನಾದರೂ ಇಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2022ರಲ್ಲೇ ಆದೇಶಿಸಿದ್ದರೂ ಅಂಗಡಿಯವರು ಅದನ್ನು ತಾವಾಗಿ ತೋರಿಸುವುದಿಲ್ಲ, ಕೇಳಬೇಕು. 5ಜಿ ಫೋನ್ ಕೊಳ್ಳುವವರು ಗಮನಿಸಬೇಕಾದ ಇನ್ನೊಂದು ಖರ್ಚಿದೆ: 2024ರ ಜುಲೈನ ದರ ಏರಿಕೆಯೊಂದಿಗೆ ಜಿಯೋ ಮತ್ತು ಏರ್‌ಟೆಲ್ ಎರಡೂ ಅಪರಿಮಿತ 5ಜಿಯನ್ನು ದಿನಕ್ಕೆ 2 ಜಿಬಿ ಮತ್ತು ಅದಕ್ಕಿಂತ ಮೇಲಿನ ಪ್ಲಾನ್‌ಗಳಿಗೆ ಸೀಮಿತಗೊಳಿಸಿದವು. ದಿನಕ್ಕೆ 1 ಜಿಬಿಯನ್ನೂ ಮುಗಿಸದ ನನ್ನಂಥವನಿಗೆ ಅದು ಹೊಸ ಫೋನಿನ ಬೆಲೆಯ ಮೇಲೆ ಬೀಳುವ ಹೊರೆ.

ಸಿಮ್ ಬದಲಾದ ವಾರದಲ್ಲೇ ಸಂಜೆಯ ಚಾರ್ಜ್ ಇಪ್ಪತ್ತರಿಂದ ಮೂವತ್ತೈದಕ್ಕೆ ಏರಿತು. ಸಿಗ್ನಲ್ ದುರ್ಬಲವಾದಾಗ ಫೋನು ಟವರನ್ನು ತಲುಪಲು ಹೆಚ್ಚು ಶಕ್ತಿ ಸುರಿಯುತ್ತದೆ, ನಾವು ಬ್ಯಾಟರಿಯನ್ನು ಬೈಯುತ್ತೇವೆ. ಆದರೂ ನಾಲ್ಕು ವರ್ಷ ದಾಟಿದ ಬ್ಯಾಟರಿ ತನ್ನ ಪಾಲಿಗೆ ಸೊರಗಿಯೇ ಇತ್ತು. ಗ್ರ್ಯಾಂಟ್ ರೋಡಿನ ಲ್ಯಾಮಿಂಗ್ಟನ್ ರಸ್ತೆಯ ಪುಟ್ಟ ಅಂಗಡಿಯೊಂದರಲ್ಲಿ 1,600 ರೂಪಾಯಿಗೆ, ಆರು ತಿಂಗಳ ವಾರಂಟಿಯೊಂದಿಗೆ, ನನ್ನ ಕಣ್ಣೆದುರೇ ಮುಕ್ಕಾಲು ಗಂಟೆಯಲ್ಲಿ ಹೊಸದನ್ನು ಕೂರಿಸಿದರು. ಹಿಂಬದಿಯ ಗಾಜನ್ನು ಬಿಸಿ ಮಾಡಿ, ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಯಿಂದ ಅಂಟನ್ನು ಬಿಡಿಸಿದ ಕೈಯ ನಾಜೂಕು ಮೆಚ್ಚುವಂಥದ್ದು. ಮತ್ತೆ ಅಂಟಿಸಿದ್ದು ಅಷ್ಟು ನಾಜೂಕಾಗಿರಲಿಲ್ಲ. ಕೆಳಗಿನ ಮೂಲೆಯಲ್ಲಿ ಉಗುರು ತೂರುವಷ್ಟು ಸಂದು ಉಳಿದಿದೆ. ಈ ಮಳೆಗಾಲದಲ್ಲಿ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲೇ ಇಟ್ಟುಕೊಳ್ಳಬೇಕಾಗುತ್ತದೆ.

ಈ ಫೋನಿಗೆ ಬಂದ ಕೊನೆಯ ಸೆಕ್ಯುರಿಟಿ ಅಪ್‌ಡೇಟ್‌ಗೆ ಈಗ ಎಂಟು ತಿಂಗಳು. ಬ್ಯಾಂಕಿನ ವ್ಯವಹಾರವೆಲ್ಲ ಇದರಲ್ಲೇ ಇರುವುದರಿಂದ ಒಂದು ವರ್ಷ ದಾಟಿದರೆ ಬದಲಿಸುತ್ತೇನೆ. ಆಗ ಕ್ಯಾಮೆರಾವನ್ನು ನೋಡುವ ಮೊದಲು ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತಾರೆಂದು ಕೇಳುತ್ತೇನೆ. ಗೂಗಲ್ ಪಿಕ್ಸೆಲ್ 8ಕ್ಕೂ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24ಕ್ಕೂ ಏಳು ವರ್ಷಗಳ ಭರವಸೆ ಕೊಟ್ಟಿದ್ದಾರೆ. ಹೊಸತಿನ ಬೆಲೆ ಕೈಗೆಟುಕದೆ ಸೆಕೆಂಡ್ ಹ್ಯಾಂಡ್ ಕೊಳ್ಳಬೇಕಾಗಿ ಬಂದರೆ, *#06# ಒತ್ತಿದಾಗ ಕಾಣುವ, ಫೋನಿನ ಗುರುತಾದ ಐಎಂಇಐ ಸಂಖ್ಯೆಯನ್ನು ಸರ್ಕಾರದ ಸಂಚಾರ ಸಾಥಿ ಜಾಲತಾಣದಲ್ಲಿ ಪರಿಶೀಲಿಸಿದ ನಂತರವೇ ದುಡ್ಡು ಕೊಡುತ್ತೇನೆ.