ಕೂತಿದ್ದ ಪಿಕಪ್ ಎದ್ದು ನಿಂತಿತು, ಬ್ರೇಕ್ ಕಡ್ಡಿ ಮಾತ್ರ ಮರೆತರು

ನನ್ನ ಪಿಕಪ್ 2016ರದ್ದು. ಶ್ರೀನಿವಾಸಪುರದ ಕಡೆಯ ನಮ್ಮ ಊರಿನಿಂದ ಕೋಲಾರ ಮಂಡಿಗೆ ಟೊಮೆಟೊ ಹೊರುತ್ತೆ, ಮೇ-ಜೂನ್ ಬಂದರೆ ಮಾವು. ಹೋದ ವರ್ಷದಿಂದ ಹಿಂಭಾಗ ಕೂತುಬಿಟ್ಟಿತ್ತು. 15 ಕೆಜಿಯ ಬಾಕ್ಸ್ 80 ಹಾಕಿದರೆ ಸಾಕು, ಸಣ್ಣ ಗುಂಡಿಗೂ ಆಕ್ಸಲ್ ಮೇಲಿನ ರಬ್ಬರ್‌ಗೆ ಧಡ್ ಅಂತ ಬಡಿಯುತ್ತಿತ್ತು. ಹಿಂಭಾಗ ಕೂತರೆ ಹೆಡ್‌ಲೈಟ್ ಮೇಲಕ್ಕೆ ನೋಡುತ್ತೆ, ಅಲ್ವಾ? ರಾತ್ರಿ ಎದುರಿಗೆ ಬಂದವರೆಲ್ಲ ಲೈಟ್ ಹೊಡೆದು ಬೈದುಕೊಂಡು ಹೋಗುತ್ತಿದ್ದರು.

ಮೊದಲು ಒಂದು ಕಡೆ ಅಗ್ಗದಲ್ಲಿ ಮಾಡಿಸಿದ್ದೆ. ಹಿಂದಿನ ಭಾರ ಹೊರೋದು ಒಂದರ ಮೇಲೊಂದು ಜೋಡಿಸಿದ ಕಮಾನಿನಾಕಾರದ ಸ್ಪ್ರಿಂಗ್ ಪ್ಲೇಟ್‌ಗಳ ಸೆಟ್. ಅವರು ಗ್ಯಾಸ್ ಹಚ್ಚಿ ಆ ಪ್ಲೇಟ್ ಕೆಂಪಗೆ ಕಾಯಿಸಿ ಬಗ್ಗಿಸಿಕೊಟ್ಟರು. ಎರಡೇ ತಿಂಗಳು, ಮತ್ತೆ ಅದೇ ಗತಿ. ಹಾಗೆ ಕಾಯಿಸಿದರೆ ಉಕ್ಕಿನ ಹದ ಹೋಗುತ್ತೆ ಅಂತ ಆಮೇಲೆ ತಿಳಿಯಿತು.

ಈ ಸಲ ಹೋಗಿದ್ದು ಕೋಲಾರದಲ್ಲಿ ಪ್ಲೇಟ್ ಕೆಲಸ ಬಿಟ್ಟು ಬೇರೇನೂ ಮಾಡದ ಒಂದು ಸಣ್ಣ ಶೆಡ್‌ಗೆ. ಹೆಸರು ಹಾಕುತ್ತಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ. ಅಲ್ಲಿನ ಹಿರಿಯ ಭಾಯ್ ಗಾಡಿ ಕೆಳಗೆ ಬಗ್ಗುವ ಮೊದಲೇ ಕೇಳಿದ್ದು: "ಅಣ್ಣ, ಎಷ್ಟು ಲೋಡ್ ಹಾಕ್ತೀರಾ? ಆರ್‌ಸಿಯಲ್ಲಿ ಇರೋದಲ್ಲ, ನಿಜ ಹೇಳಿ."

"80 ಬಾಕ್ಸ್. ಸೀಸನ್‌ನಲ್ಲಿ... 110."

"ಅದಕ್ಕೇ ಕೂತಿರೋದು."

ಆಮೇಲೆ ಅಳತೆ ತೆಗೆದರು. ಖಾಲಿ ಗಾಡಿ, ಚಕ್ರದ ನಡುವಿನಿಂದ ಚಾಸಿಗೆ, ಅಂದರೆ ಗಾಡಿಯ ಕೆಳಗಿನ ಚೌಕಟ್ಟಿಗೆ. ಎಡಗಡೆ ಬಲಗಡೆಗಿಂತ ಮುಕ್ಕಾಲು ಇಂಚು ಕೆಳಗೆ. ನಮ್ಮ ರಸ್ತೆಗಳು ಎಡಕ್ಕೆ ಇಳಿಜಾರು, ಹಾಗಾಗಿ ಎಡಗಡೆ ಸೆಟ್ ಮೊದಲು ಸೋಲುತ್ತೆ ಅಂದರು.

ನಾನು ಬುದ್ಧಿವಂತನ ಹಾಗೆ "ಒಂದು ದಪ್ಪ ಪ್ಲೇಟ್ ತುರುಕಿಬಿಡಿ ಭಾಯ್" ಅಂದೆ. ನಕ್ಕರು. ಎತ್ತರ ಬೇರೆ, ಗಟ್ಟಿತನ ಬೇರೆ ಅಂತ ಬಿಡಿಸಿ ಹೇಳಿದ್ದು ಅವರೇ. ಹಳೇ ಪ್ಲೇಟ್‌ಗಳಿಗೆ ಮತ್ತೆ ಕಮಾನು ಕೊಟ್ಟರೆ ಗಾಡಿ ಎದ್ದೇಳುತ್ತೆ, ಆದರೆ ಗಟ್ಟಿಯಾಗಲ್ಲ. ಲೋಡ್ ಹಾಕಿದರೆ ಮೊದಲಿನಷ್ಟೇ ಇಳಿಯುತ್ತೆ. ಗಟ್ಟಿ ಬೇಕೆಂದರೆ ಪ್ಲೇಟ್ ಸೇರಿಸಬೇಕು. ಅದೂ ಸೆಟ್‌ನಲ್ಲಿರುವಷ್ಟೇ ದಪ್ಪದ್ದು. 8 ಎಂಎಂ ಬದಲು 10 ಎಂಎಂ ಹಾಕಿದರೆ ಆ ಒಂದು ಪ್ಲೇಟೇ ಹೆಚ್ಚುಕಡಿಮೆ ಎರಡರಷ್ಟು ಗಟ್ಟಿ. ಆಗ ಭಾರವೆಲ್ಲ ಅದರ ತಲೆ ಮೇಲೆ, ಮೊದಲು ಕಟ್ ಆಗೋದೂ ಅದೇ.

ಕೆಲಸ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ. ಪ್ಲೇಟ್‌ಗಳನ್ನು ಬಿಚ್ಚಿ, ತುಕ್ಕು ಉಜ್ಜಿ, ತಣ್ಣಗಿರುವಾಗಲೇ ಒಂದೊಂದಕ್ಕೂ ಸುತ್ತಿಗೆಯಲ್ಲಿ ಕಮಾನು ಕೊಟ್ಟರು. ಅಂಗುಲ ಅಂಗುಲಕ್ಕೆ ಏಟು, ಮಧ್ಯೆ ಮಧ್ಯೆ ಪಕ್ಕದ ಪ್ಲೇಟ್ ಮೇಲೆ ಇಟ್ಟು ಸಂದು ನೋಡೋದು. ನಾನು ಟೀ ಕುಡಿಯಲು ಹೋದವನು ಬಿಟ್ಟು ಬಂದು ಅದನ್ನೇ ನೋಡುತ್ತಾ ನಿಂತೆ. ಎರಡೂ ಕಡೆ ಒಂದೊಂದು ಹೊಸ ಪ್ಲೇಟ್, ಪ್ಲೇಟ್‌ಗಳನ್ನು ನಡುವೆ ಪೋಣಿಸುವ ಹೊಸ ಸೆಂಟರ್ ಬೋಲ್ಟ್, ಸೆಟ್ಟನ್ನು ಆಕ್ಸಲ್‌ಗೆ ಬಿಗಿಯುವ ಹೊಸ ಯು ಬೋಲ್ಟ್, ಬುಷ್, ಪ್ಲೇಟ್ ನಡುವೆ ಗ್ರೀಸ್. ಹಳೇ ಯು ಬೋಲ್ಟ್ ಚೆನ್ನಾಗಿಯೇ ಇದೆಯಲ್ಲ ಅಂದೆ. ಒಮ್ಮೆ ಎಳೆದು ಬಿಗಿ ಮಾಡಿದ್ದನ್ನು ಮತ್ತೆ ಹಾಕಲ್ಲ ಅಂದರು. ಒಟ್ಟು 8,600 ರೂಪಾಯಿ. ಚೌಕಾಸಿಗೆ 100 ಬಿಟ್ಟರು.

ಖಾಲಿ ಗಾಡಿ ಎಡಕ್ಕೆ ಎರಡೂವರೆ, ಬಲಕ್ಕೆ ಒಂದೂಮುಕ್ಕಾಲು ಇಂಚು ಎದ್ದಿದೆ, ಅಂದರೆ ಈಗ ಎರಡೂ ಸಮ. 80 ಬಾಕ್ಸ್ ಹಾಕಿದರೂ ರಬ್ಬರ್‌ಗೂ ಆಕ್ಸಲ್‌ಗೂ ಮಧ್ಯೆ ನಾಲ್ಕು ಬೆರಳು ಹೋಗುತ್ತೆ. ತಿರುವಿನಲ್ಲಿ ವಾಲಾಟ ಕಡಿಮೆ. 500 ಕಿಲೋಮೀಟರ್ ಆದ ಮೇಲೆ ಬನ್ನಿ ಅಂದಿದ್ದರು, ಹೋದೆ, ಯು ಬೋಲ್ಟ್ ನಟ್‌ಗಳು ಅರ್ಧ ಸುತ್ತು ತಿರುಗಿದವು. ಇದನ್ನು ತಪ್ಪಿಸಬೇಡಿ. ಸಡಿಲ ಬಿಟ್ಟರೆ ಸೆಂಟರ್ ಬೋಲ್ಟ್ ಮುರಿದು ಆಕ್ಸಲ್ಲೇ ಜರುಗುತ್ತೆ.

ಈಗ ದೂರು. ನನ್ನ ಗಾಡಿಯಲ್ಲಿ ಹಿಂದಿನ ಆಕ್ಸಲ್‌ನಿಂದ ಚಾಸಿ ಮೇಲಿನ ಬ್ರೇಕ್ ವಾಲ್ವ್‌ಗೆ ಒಂದು ಕಡ್ಡಿ ಇದೆ. ಗಾಡಿ ತಗ್ಗಿದಷ್ಟೂ ಲೋಡ್ ಜಾಸ್ತಿ ಅಂದುಕೊಂಡು ಹಿಂದಿನ ಬ್ರೇಕ್‌ಗೆ ಹೆಚ್ಚು ಒತ್ತಡ ಬಿಡುತ್ತೆ. ಗಾಡಿ ಎತ್ತಿದರೆ? ತುಂಬಿದ್ದರೂ ಅದರ ಲೆಕ್ಕದಲ್ಲಿ ಅರ್ಧ ಖಾಲಿ! ಮೊದಲ ಲೋಡ್‌ನಲ್ಲೇ ಮಂಡಿ ಗೇಟ್ ಹತ್ತಿರ ಬ್ರೇಕ್ ಒತ್ತಿದರೆ ಮುಂಭಾಗ ಮುಗ್ಗರಿಸಿತು, ಗಾಡಿ ಒಂದು ಆಳು ಉದ್ದ ಮುಂದೆ ಹೋಗಿ ನಿಂತಿತು. ಎದುರಿಗೆ ಹಮಾಲಿ ಹುಡುಗನಿದ್ದ, ಪುಣ್ಯಕ್ಕೆ ಹಾರಿಕೊಂಡ. ಶೆಡ್‌ಗೆ ಹೋಗಿ ಕೇಳಿದರೆ "ಬ್ರೇಕ್ ನಮ್ಮ ಕೆಲಸ ಅಲ್ಲ ಅಣ್ಣ" ಅಂದರು. ಅಲ್ಲದಿರಬಹುದು, ಒಂದು ಮಾತು ಹೇಳಬಹುದಿತ್ತಲ್ಲ? ಬೇರೆ ಬ್ರೇಕ್ ಮೆಕ್ಯಾನಿಕ್ 400 ರೂಪಾಯಿಗೆ ಕಡ್ಡಿ ಸರಿಮಾಡಿಕೊಟ್ಟ. ಹೆಡ್‌ಲೈಟ್ ಕೂಡ ಈಗ ನೆಲ ನೋಡುತ್ತಿತ್ತು, ಅದನ್ನೂ ಎತ್ತಿಸಿದೆ.

ಹೊಸ ಪ್ಲೇಟ್ ಬಂತು ಅಂತ 110 ಬಾಕ್ಸ್ ಆಸೆ ಮತ್ತೆ ಬಂದಿದ್ದು ನಿಜ. ಆದರೆ ಆರ್‌ಸಿಯಲ್ಲಿನ ತೂಕ ಪ್ಲೇಟ್ ಜೊತೆ ಬೆಳೆಯಲ್ಲ. 2019ರಿಂದ ಓವರ್‌ಲೋಡ್‌ಗೆ 20,000 ರೂಪಾಯಿ ದಂಡ, ಮೇಲೆ ಹೆಚ್ಚಿನ ಪ್ರತಿ ಟನ್‌ಗೆ 2,000. ಟೊಮೆಟೊ ರೇಟ್ ಬಿದ್ದ ದಿನ ಇಡೀ ಲೋಡ್ ಮಾರಿದರೂ ಅಷ್ಟು ಹುಟ್ಟಲ್ಲ.

ಕೆಲಸಕ್ಕೆ ಐದಕ್ಕೆ ನಾಲ್ಕು, ಮಾತಿಗೆ ಎರಡು. ಖಾಲಿ ಗಾಡಿಯಂತೂ ಈಗ ಎತ್ತಿನ ಬಂಡಿ. ಮಂಡಿಯಿಂದ ವಾಪಸ್ ಬರುವಾಗ ಕನ್ನಡಿಯಲ್ಲಿ ಹಿಂದಿನ ಗಾಡಿ ಎರಡೆರಡು ಕಾಣುತ್ತೆ. ನಮ್ಮ ಮನೆಯವಳು ಒಂದೇ ಸಲ ಕೂತಳು. ಈಗ ಕೋಲಾರಕ್ಕೆ ಬಸ್ಸಲ್ಲೇ ಬರ್ತಾಳೆ.