ಕ್ಲಾಸ್ ಎ ಎಂದು ಮಾರಿದ ಡಬ್ಬಿಯೊಳಗಿನ ಕ್ಲಾಸ್ ಡಿ

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ 12 ವೋಲ್ಟ್, 2 ಆಂಪಿಯರ್ ಅಡಾಪ್ಟರ್ ಸಹಿತ 1,850 ರೂಪಾಯಿಗೆ ಕೊಂಡ ಈ ಪುಟ್ಟ ಸ್ಟೀರಿಯೋ ಆಂಪ್ಲಿಫೈಯರ್ ಕೊಟ್ಟ ಹಣಕ್ಕೆ ಮೋಸವಿಲ್ಲದ ವಸ್ತು. ಮೋಸವೇನಿದ್ದರೂ ಅದು ಮಾರಿದ ಮಾತಿನಲ್ಲಿತ್ತು. 'ಪ್ಯೂರ್ ಕ್ಲಾಸ್ ಎ ಸರ್, ಇದಕ್ಕಿಂತ ಮೇಲಿನ ಕ್ಲಾಸೇ ಇಲ್ಲ' ಎಂದು ಅಂಗಡಿಯವರು ಹೇಳಿದಾಗಲೇ ಅನುಮಾನ ಬಂದಿತ್ತು, ಏಕೆಂದರೆ ಡಬ್ಬಿ ಅಂಗೈಯಗಲವಿತ್ತು ಮತ್ತು ಅದರ ಹೊರಮೈಯಲ್ಲಿ ಬಿಸಿ ಹೊರಹಾಕುವ ಹೀಟ್‌ಸಿಂಕ್‌ನ ಒಂದು ರೆಕ್ಕೆಯೂ ಇರಲಿಲ್ಲ.

ಈ ಅಕ್ಷರಗಳು ಪರೀಕ್ಷೆಯ ಗ್ರೇಡುಗಳಲ್ಲ. ಕ್ಲಾಸ್ ಡಿ ಎಂದರೆ ಡಿ ಗ್ರೂಪ್ ಹುದ್ದೆಯಲ್ಲ, ಹಲವರು ನಂಬಿರುವಂತೆ 'ಡಿಜಿಟಲ್' ಎಂಬುದರ ಮೊದಲಕ್ಷರವೂ ಅಲ್ಲ. ಔಟ್‌ಪುಟ್ ಟ್ರಾನ್ಸಿಸ್ಟರುಗಳು ದುಡಿಯುವ ರೀತಿಯನ್ನಷ್ಟೇ ಅವು ಸೂಚಿಸುತ್ತವೆ. ಕ್ಲಾಸ್ ಎ ವಿಧಾನದಲ್ಲಿ ಹಾಡು ಇರಲಿ ಬಿಡಲಿ, ಟ್ರಾನ್ಸಿಸ್ಟರು ಸದಾ ಕರೆಂಟು ಹರಿಸುತ್ತಲೇ ಇರುತ್ತದೆ. ಸರಳ ರಚನೆಯಲ್ಲಿ ಅದರ ದಕ್ಷತೆ ಗರಿಷ್ಠ ಶೇ. 25 ಆದ್ದರಿಂದ, 10 ವ್ಯಾಟ್ ಸಂಗೀತಕ್ಕಾಗಿ 40 ವ್ಯಾಟ್ ಸುಡಬೇಕಾಗುತ್ತದೆ. ಕ್ಲಾಸ್ ಬಿಯಲ್ಲಿ ಅಲೆಯ ಮೇಲರ್ಧವನ್ನು ಒಂದು, ಕೆಳಗಿನರ್ಧವನ್ನು ಇನ್ನೊಂದು ಟ್ರಾನ್ಸಿಸ್ಟರು ಹೊರುತ್ತದೆ, ಹೆಗಲು ಬದಲಿಸುವ ಕ್ಷಣದಲ್ಲಿ ಸ್ವರ ಕೆಡುತ್ತದೆ. ಆ ಕ್ಷಣದಲ್ಲಿ ಎರಡನ್ನೂ ತುಸು ಎಚ್ಚರವಾಗಿಟ್ಟರೆ ಅದು ಎಬಿ. ಡಿಯಲ್ಲಾದರೋ ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಲಕ್ಷಗಟ್ಟಲೆ ಬಾರಿ ಆನ್-ಆಫ್ ಆಗುವ ಸ್ವಿಚ್ಚುಗಳು. ಅವು ಕತ್ತರಿಸಿ ಕಳುಹಿಸಿದ ಅಲೆಯನ್ನು ಸುರುಳಿ ಮತ್ತು ಕೆಪಾಸಿಟರುಗಳು ಮತ್ತೆ ಸಂಗೀತವಾಗಿ ಸೋಸಿ ಕೊಡುತ್ತವೆ.

ಮುಚ್ಚಳ ಬಿಚ್ಚುವ ಮುನ್ನ ಅಡಾಪ್ಟರಿನ ತಂತಿಗೆ ಮೀಟರ್ ಜೋಡಿಸಿದೆ. ಹಾಡಿಲ್ಲದಾಗ ಅದು ತೋರಿಸಿದ್ದು ಸುಮಾರು 40 ಮಿಲಿಆಂಪಿಯರ್, ಅಂದರೆ ಅರ್ಧ ವ್ಯಾಟ್‌ಗೂ ಕಡಿಮೆ, ಮತ್ತು ಕ್ಲಾಸ್ ಎ ಎಂಬ ಮಾತು ಅಲ್ಲಿಗೇ ಬಿದ್ದುಹೋಯಿತು. ಬಳಿಕ ಮೀಡಿಯಂ ವೇವ್ ರೇಡಿಯೋವನ್ನು ಪಕ್ಕದಲ್ಲಿಟ್ಟೆ: 612 ಕಿಲೋಹರ್ಟ್ಸ್‌ನ ಬೆಂಗಳೂರು ಆಕಾಶವಾಣಿ ಸರಿಯಾಗಿಯೇ ಕೇಳಿಸಿತು, ಆದರೆ ಮುಳ್ಳು 800ರ ಬಳಿ ಬಂದಾಗ ಹಾಡಿನ ಏರಿಳಿತಕ್ಕೆ ತಕ್ಕಂತೆ ಗರಗರ ಸದ್ದೆದ್ದಿತು. ಸ್ವಿಚ್ ಆಗುವ ಸದ್ದು ಅದರ ಇಮ್ಮಡಿಯಲ್ಲೂ ಕೇಳಿಸುವುದರಿಂದ, ಒಳಗೆ 800ರ ಅರ್ಧವಾದ 400 ಕಿಲೋಹರ್ಟ್ಸ್‌ನಲ್ಲಿ ಸ್ವಿಚ್ ಆಗುವ ಚಿಪ್ ಇರಬೇಕೆಂದು ಊಹಿಸಿ ಮುಚ್ಚಳ ತೆಗೆದರೆ, ಸ್ಪೀಕರ್ ಟರ್ಮಿನಲ್‌ಗಳ ಹಿಂದೆಯೇ ನಾಲ್ಕು ಕಪ್ಪು ಇಂಡಕ್ಟರುಗಳು, ಅಂದರೆ ಆ ಸುರುಳಿಗಳು, ಸಾಲಾಗಿ ಕುಳಿತಿದ್ದವು ಮತ್ತು ಚಿಪ್ಪಿನ ಮೇಲಿನ ಪುಟ್ಟ ಹೀಟ್‌ಸಿಂಕ್ ಸರಿಸಿದಾಗ ಟಿಪಿಎ3116ಡಿ2 ಎಂಬ ಅಕ್ಷರಗಳು ಕಂಡವು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಈ ಚಿಪ್ ಕ್ಲಾಸ್ ಡಿಯದೇ, ಒಳ್ಳೆಯದೂ ಹೌದು.

ಡಬ್ಬಿಯ ಮೇಲೆ ಅಚ್ಚಾಗಿರುವ '50+50 ವ್ಯಾಟ್' ಮಾತ್ರ ಈ ಅಡಾಪ್ಟರಿಗೆ ಹೊಂದದ ಲೆಕ್ಕ. ಆ ಶಕ್ತಿ ಬರಬೇಕಾದರೆ 4 ಓಮ್ ಸ್ಪೀಕರ್ ಮತ್ತು ಸುಮಾರು 21 ವೋಲ್ಟ್ ಬೇಕು. 12 ವೋಲ್ಟ್‌ನಲ್ಲಿ ನನ್ನ 8 ಓಮ್ ಸ್ಪೀಕರುಗಳಿಗೆ ಸ್ವರ ಒಡೆಯದೆ ಸಿಗುವುದು ಹೆಚ್ಚೆಂದರೆ ತಲಾ 9 ವ್ಯಾಟ್. ಅಡಾಪ್ಟರಿನ ಒಟ್ಟು ಶಕ್ತಿಯೇ 24 ವ್ಯಾಟ್.

ಹತ್ತಡಿ ಕೋಣೆಗೆ ಅಷ್ಟೇ ಸಾಕು. ನನ್ನ ಹಳೆಯ ಟಿಡಿಎ2030 ಚಿಪ್ಪಿನ ಕ್ಲಾಸ್ ಎಬಿ ಆಂಪ್ಲಿಫೈಯರಿನೊಂದಿಗೆ ಹೋಲಿಸಿದರೆ ತಂಬೂರಿಯ ಶ್ರುತಿ ಮತ್ತು ಗಾಯಕರ ಕಂಠ ಎರಡರಲ್ಲೂ ಒಂದೇ ತೂಕದಲ್ಲಿ ಕೇಳಿಸುತ್ತವೆ, ಮೃದಂಗದ ಎಡಭಾಗ ಇದರಲ್ಲಿಯೇ ಹೆಚ್ಚು ಬಿಗಿ. ತಾಳದ ಸದ್ದು ಕೊಂಚ ಚುರುಕು, ಇದಕ್ಕೆ ಕಾರಣ, ತನ್ನ ಔಟ್‌ಪುಟ್ ನೋಡಿ ತಪ್ಪು ತಿದ್ದಿಕೊಳ್ಳುವ ಚಿಪ್ಪಿನ ಫೀಡ್‌ಬ್ಯಾಕ್‌ನ ಆಚೆಗೆ ಉಳಿದಿರುವ ಆ ಸುರುಳಿಗಳ ಸೋಸುವಿಕೆ ಸ್ಪೀಕರಿನ ಓಮ್ ಬದಲಾದಂತೆ ತಾನೂ ಬದಲಾಗುವುದು. ವಾಲ್ಯೂಮ್ ತೀರಾ ಕೆಳಗಿದ್ದಾಗ ಎಡ ಸ್ಪೀಕರ್ ಬಲಕ್ಕಿಂತ ಮೊದಲು ಮಾತಾಡುತ್ತದೆ, ಇದು ವಾಲ್ಯೂಮ್ ತಿರುಗಿಸುವ ಅಗ್ಗದ ಪಾಟ್‌ನ ದೋಷ.

ಈಗ ಹಳೆಯ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್ ಹಾಕಿ ತಲಾ 22 ವ್ಯಾಟ್‌ವರೆಗೆ ಪಡೆಯುತ್ತಿದ್ದೇನೆ. ಚಿಪ್ 26 ವೋಲ್ಟ್‌ವರೆಗೆ ತಾಳಬಲ್ಲದಾದರೂ ನನ್ನ ಬೋರ್ಡಿನ ದೊಡ್ಡ ಕೆಪಾಸಿಟರುಗಳ ಮೇಲೆ 25 ವೋಲ್ಟ್ ಎಂದಿರುವುದರಿಂದ 24 ವೋಲ್ಟ್‌ನ ಅಡಾಪ್ಟರನ್ನು ಇದರ ಹತ್ತಿರ ತರುವುದಿಲ್ಲ.