ಗೆರೆಗಳ ನಡುವೆ ನಟರು: ಕಾರೆಲ್ ಝೆಮಾನ್ ಅವರ ಬ್ಲೂ-ರೇ ಬಾಕ್ಸ್ ಸೆಟ್

ಜೆಕ್ ನಿರ್ದೇಶಕ ಕಾರೆಲ್ ಝೆಮಾನ್ (1910–1989) ಅವರ, 4ಕೆಯಲ್ಲಿ ಪುನರುದ್ಧಾರಗೊಂಡ ಮೂರು ಚಿತ್ರಗಳನ್ನು ಅಮೆರಿಕದ ಕ್ರೈಟೀರಿಯನ್ ಸಂಸ್ಥೆಯು 2020ರಲ್ಲಿ ಬ್ಲೂ-ರೇ ಬಾಕ್ಸ್ ಸೆಟ್ ಆಗಿ ಹೊರತಂದಿದೆ. ಕೊಳ್ಳುವ ಮುನ್ನ ಒಂದು ಸಂಗತಿ ಗಮನದಲ್ಲಿರಲಿ: ಈ ಡಿಸ್ಕ್‌ಗಳು ‘ಎ’ ವಲಯಕ್ಕೆ ಸೇರಿದವು, ಭಾರತ ಇರುವುದು ‘ಸಿ’ ವಲಯದಲ್ಲಿ. ಆದ್ದರಿಂದ ಎಲ್ಲ ವಲಯಗಳ ಡಿಸ್ಕ್‌ಗಳನ್ನೂ ಓದಬಲ್ಲ ಪ್ಲೇಯರ್ ಬೇಕಾಗುತ್ತದೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ತೊಡಕಿಲ್ಲ.

ಮೂರರಲ್ಲಿ ನಡುವಿನದಾದ ‘ವಿನಾಶದ ಆವಿಷ್ಕಾರ’ (1958) ಒಂದಕ್ಕಾಗಿಯೇ ಇದನ್ನು ಕೊಳ್ಳಬಹುದು. ಜೂಲ್ಸ್ ವರ್ನ್ ಅವರ ಬರಹವನ್ನು ಆಧರಿಸಿದ ಈ ಚಿತ್ರವು, ಅವರ ಕಾದಂಬರಿಗಳ ಹಳೆಯ ಮುದ್ರಣಗಳಲ್ಲಿದ್ದ ಅಚ್ಚಿನ ಚಿತ್ರಗಳನ್ನೇ ಎಬ್ಬಿಸಿ ನಡೆಸಿದಂತಿದೆ. ಅಂಥ ಚಿತ್ರಗಳಲ್ಲಿ ನೆರಳನ್ನು ಒತ್ತೊತ್ತಾದ ಗೆರೆಗಳಿಂದ ತೋರಿಸುವುದು ವಾಡಿಕೆ. ಝೆಮಾನ್ ಅವರು ಅದೇ ಗೆರೆಗಳನ್ನು ಸೆಟ್ಟಿನ ಗೋಡೆಗಳ ಮೇಲೆಲ್ಲ ಬರೆಸಿ, ಅವುಗಳ ನಡುವೆ ಜೀವಂತ ನಟರನ್ನು ನಿಲ್ಲಿಸಿದರು. ಜಲಾಂತರ್ಗಾಮಿಯು ಬಾತಿನ ಕಾಲಿನಂಥ ಹುಟ್ಟುಗಳನ್ನು ಬಡಿಯುತ್ತ ಸಾಗುತ್ತದೆ, ಮುಳುಗುಗಾರರು ಸಮುದ್ರದಡಿಯಲ್ಲಿ ಸೈಕಲ್ ತುಳಿಯುತ್ತಾರೆ, ಚಿತ್ರದೊಳಗಿನ ಸುದ್ದಿಚಿತ್ರವೊಂದರಲ್ಲಿ ಒಂಟೆಗಳು ಕಾಲಿಗೆ ಚಕ್ರ ಕಟ್ಟಿಕೊಂಡು ಜಾರುತ್ತವೆ. ಪುನರುದ್ಧರಿಸಿದ ಪ್ರತಿಯಲ್ಲಿ ಗೆರೆಗಳು ಕಲಸಿಹೋಗದೆ ಒಂದೊಂದೂ ಬಿಡಿಬಿಡಿಯಾಗಿ ನಿಲ್ಲುವುದರಿಂದ, ಬರೆದ ಗೋಡೆ ಮುಗಿದು ಕಟ್ಟಿದ ಗೋಡೆ ಎಲ್ಲಿ ಶುರುವಾಗುತ್ತದೆಂಬುದೂ ಕೆಲವೆಡೆ ಕಣ್ಣಿಗೆ ಬೀಳುತ್ತದೆ. ಹಾಗೆ ಬೆಸುಗೆ ಕಂಡದ್ದರಿಂದ ಸೊಗಸು ಕುಂದಿತೆಂದು ನನಗನ್ನಿಸಲಿಲ್ಲ. ಕೈಚಳಕವನ್ನು ಮುಚ್ಚಿಡುವ ಹಟ ನಿರ್ದೇಶಕರಿಗೇ ಇದ್ದಂತಿಲ್ಲ.

ಸುಳ್ಳು ಸಾಹಸಕಥೆಗಳಿಗೆ ಹೆಸರಾದ ಬ್ಯಾರನ್ ಮುಂಚೌಸೆನ್‌ನನ್ನು ಕುರಿತ ಚಿತ್ರಕ್ಕೆ ಫ್ರೆಂಚ್ ಕಲಾವಿದ ಗುಸ್ತಾವ್ ಡೋರೆ ಅವರ ಚಿತ್ರಗಳು ಆಧಾರ. ಚಂದ್ರನ ಮೇಲಿಳಿದ ಗಗನಯಾತ್ರಿಯನ್ನು ಅಲ್ಲಿ ಮೊದಲೇ ಬೀಡುಬಿಟ್ಟಿರುವ ಈ ಬುರುಡೆ ಬ್ಯಾರನ್ ಎದುರುಗೊಳ್ಳುತ್ತಾನೆ. ಬಣ್ಣ ಹಚ್ಚಿದ ದೃಶ್ಯಗಳು ಮನಮೋಹಕವಾಗಿದ್ದರೂ, ಒಂದರ ಹಿಂದೊಂದು ಸಾಹಸ ಪೋಣಿಸಿದ ಕಥೆ ನಡುವೆ ದಣಿಸುತ್ತದೆ.

ನಾಲ್ವರು ಹುಡುಗರು ದೋಣಿಯಲ್ಲಿ ಹೊಳೆಗುಂಟ ಸಾಗುತ್ತ ಭೂಮಿಯ ಪುರಾತನ ಯುಗಗಳಿಗೆ ಹೋಗುವ 1955ರ ಚಿತ್ರ ಮಕ್ಕಳಿಗೆ ಹೆಚ್ಚು ಹಿಡಿಸುತ್ತದೆ. ಅದರ ಪ್ರಾಣಿಗಳು ಜೆಕ್ ಕಲಾವಿದ ಜ್ಡೆನ್ಯೆಕ್ ಬುರಿಯನ್ ಅವರ ವರ್ಣಚಿತ್ರಗಳಿಂದ ಪ್ರೇರಿತವಾದವು. ಮಾತು ಜೆಕ್ ಭಾಷೆಯಲ್ಲಿದ್ದು ಇಂಗ್ಲಿಷ್ ಅಡಿಬರಹವಿರುವುದರಿಂದ, ಓದಲು ತಡವರಿಸುವ ಮಕ್ಕಳ ಪಕ್ಕದಲ್ಲಿ ಹಿರಿಯರೊಬ್ಬರು ಕುಳಿತು ಕನ್ನಡದಲ್ಲಿ ಹೇಳುತ್ತಿರಬೇಕು. ನಮ್ಮ ಮನೆಯಲ್ಲಿ ಆ ಕೆಲಸ ನನ್ನ ಪಾಲಿಗೆ ಬಂತು. ಬೃಹದ್ಗಜ ಕಾಣಿಸಿಕೊಂಡ ಮೇಲೆ ನನ್ನ ಮಾತನ್ನು ಯಾರೂ ಕೇಳಲಿಲ್ಲ.

ಸೆಟ್ಟಿನಲ್ಲಿ ಜೊತೆಗಿರುವ ಝೆಮಾನ್ ಅವರ ಕಿರುಚಿತ್ರಗಳಲ್ಲಿ ‘ಸ್ಫೂರ್ತಿ’ಯನ್ನು (1949) ತಪ್ಪಿಸಬಾರದು. ಬಾಗದ, ಬಳುಕದ ಗಾಜಿನ ಗೊಂಬೆಗಳು ಅಲ್ಲಿ ಮಳೆಹನಿಯೊಳಗೆ ಕುಣಿಯುತ್ತವೆ. ನಾನಾದರೆ ಮೊದಲು ಅದನ್ನು ನೋಡಿ, ಬಳಿಕ ವರ್ನ್ ಚಿತ್ರಕ್ಕೆ ಬಂದು, ಬ್ಯಾರನ್‌ನನ್ನು ಮತ್ತೊಂದು ದಿನಕ್ಕೆ ಉಳಿಸಿಕೊಳ್ಳುತ್ತೇನೆ.